ಕರಿಬಸಣ್ಣನವರ ಸೊಸಿಗಂಟು

ಕರಿಬಸಣ್ಣನವರು ಎಲ್ಲಿಗೆ ಹೋದರೂ ಹಿಮ್ಮುಖವಾಗಿಯೇ ಹೋಗುತ್ತಿದ್ದರು. ನನ್ನ ಜೀಪಿನ ಹಿಂದೆ ಜೋಡಿಸಿದ ಟ್ರೇಲರಿನ ಮುಂತುದಿಯಲ್ಲಿ, ಜೀಪಿಗೆ ಬೆನ್ನು ಹಾಕಿ, ಕಾಲಗಲಿಸಿ ನಿಲ್ಲುವರು. ಎದುರಿಗೆ ಸೊಂಟದೆತ್ತರದ ಎರಡು ಗಿಡ್ಡ ಕುದುರೆಗಳು. ಒಂದೊಂದರ ಹಣೆಯ ಮೇಲೆ ಒಂದೊಂದು ಅಂಗೈ. ಯಲ್ಲಾಪುರದಿಂದ ಶಿರಸಿಗೆ, ಶಿರಸಿಯಿಂದ ಸಿದ್ದಾಪುರಕ್ಕೆ ಎಷ್ಟು ಸಲ ಹೋಗಿದ್ದೇವೋ, ಎದುರು ಬರುವ ಒಂದು ತಿರುವನ್ನೂ ಅವರು ನೋಡಿದವರಲ್ಲ. “ಬರೋ ರಸ್ತಾ ನೀ ನೋಡು, ಹೋದ ರಸ್ತಾ ನಾ ನೋಡ್ತೀನಿ” ಅನ್ನುವರು. ನನ್ನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಮಾಸಿದ ಹಳದಿ ರುಮಾಲು. ನಿಧಾನಿಸು ಅನ್ನಬೇಕಾದರೆ ಕೈಯ ಕಡಗದಿಂದ ಕಬ್ಬಿಣದ ಸರಳಿಗೆ ಒಂದು ಏಟು, ನಿಲ್ಲಿಸು ಅನ್ನಬೇಕಾದರೆ ಎರಡು.

ಆ ಮನುಷ್ಯನ ಕೆಲಸ ಹೋದದ್ದು ನನ್ನಿಂದ. ಅದನ್ನು ಹೇಳಲಿಕ್ಕೆಂದೇ ಬರೆಯಲು ಕೂತಿದ್ದೇನೆ. ಆದರೆ ಅವರು ಎಂಥವರು ಎಂದು ತಿಳಿಯದೆ ನಾನು ಮಾಡಿದ್ದು ಏನು ಎಂದು ತಿಳಿಯುವುದಿಲ್ಲ.

ಕುದುರೆಗಳು ನನ್ನ ಹೆಂಡತಿಯ ಅಣ್ಣನವು. ಯಲ್ಲಾಪುರದ ಆಚೆ ಭಾವ ಒಂದು ಹೋಂಸ್ಟೇ ನಡೆಸುತ್ತಾನೆ. ಬಂದವರ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸಲಿಕ್ಕೆ ಅವನ್ನು ತರಿಸಿದ. ಉಪನಯನದ ಮೆರವಣಿಗೆಗೆ ವಟುವನ್ನು ಕೂರಿಸುವುದಕ್ಕೂ ಜನ ಕೇಳತೊಡಗಿದರು. ಸಾಗಿಸುವ ಕೆಲಸ ಶಿರಸಿ ಹತ್ತಿರದ ಇಸಳೂರಿನಲ್ಲಿ ಬಾಡಿಗೆ ಜೀಪು ಇಟ್ಟುಕೊಂಡಿದ್ದ ನನಗೆ ಬಂತು. ನೋಡಿಕೊಳ್ಳಲಿಕ್ಕೆ ಬನವಾಸಿಯ ಆಚೆಯ ಹಳ್ಳಿಯಿಂದ ಕರಿಬಸಣ್ಣ ಬಂದರು.

ಬಂದ ದಿನವೇ ತಮ್ಮ ಅಜ್ಜ ನವಾಬರ ಲಾಯದಲ್ಲಿ ಇದ್ದವರು ಎಂದರು. ಮುಂದಿನ ವಾರ ಆ ಅಜ್ಜ ಲಾಯದ ಮುಖ್ಯಸ್ಥರಾದರು. ಮಳೆಗಾಲದ ಹೊತ್ತಿಗೆ ನವಾಬರೇ ಅವರನ್ನು ಕೇಳಿ ಕುದುರೆ ಹತ್ತುತ್ತಿದ್ದರು. ಕುದುರೆಯ ಬಾಲಕ್ಕೆ ಬೆಳ್ಳುಳ್ಳಿ ಕಟ್ಟಿದರೆ ಘಟ್ಟದಲ್ಲಿ ಹೆದರುವುದಿಲ್ಲ ಎಂದು ನಂಬಿದ್ದರು. ಹಾಗೆ ಕಟ್ಟಿದ ದಿನ ಜೀಪಿನೊಳಗೂ ವಾಸನೆ. ಭಾವ ಇಟ್ಟ ಇಂಗ್ಲಿಷ್ ಹೆಸರುಗಳು ಅವರ ಬಾಯಿಗೆ ಹತ್ತಲಿಲ್ಲ. ಹೆಣ್ಣು ಕುದುರೆಗೆ ಗೌಡ್ತಿ, ಗಂಡಿಗೆ ಸಾವ್ಕಾರ ಎಂದು ಹೆಸರಿಟ್ಟರು. ನನ್ನನ್ನು “ಏ ಡ್ರೈವರಾ” ಎಂದು ಕರೆಯುವ ಬಾಯಿ ಕುದುರೆಯ ಕಡೆ ತಿರುಗಿದರೆ, “ಬರ್ರಿ ಗೌಡ್ತ್ಯಾರ, ಹತ್ರಿ, ಕಾಲ್ ನೋಡಿಕೊಂಡ್ ಇಡ್ರಿ” ಎನ್ನುವುದು.

“ನಾನೇನು ಕುದುರೆಗಿಂತ ಕಡೆಯಾ?” ಎಂದು ಒಮ್ಮೆ ಕೇಳಿದೆ.

“ನೀ ಸಿಟ್ಟಾದ್ರ ಬೈತಿ. ಅವ್ರು ಸಿಟ್ಟಾದ್ರ ಒದೀತಾರ” ಎಂದರು.

ಟ್ರೇಲರನ್ನು ಶಿರಸಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎತ್ತು ಸಾಗಿಸುವ ಅಳತೆಗೆ ಮಾಡಿಸಿದ್ದೆವು. ಕರಿಬಸಣ್ಣ ನೋಡಿದವರೇ ಒಳಗೆ ಹತ್ತಿ, ಎಲ್ಲರ ಎದುರು ಮಂಡಿಯೂರಿ ನಾಲ್ಕು ಕಾಲಲ್ಲಿ ನಿಂತರು. ಎದೆಗೆ ತಾಗಬೇಕಾದ ಅಡ್ಡಸರಳು ಅವರ ತಲೆಯ ಮೇಲೆ ಗಾಳಿಯಲ್ಲಿತ್ತು. ಅದರ ಕೆಳಗೆ ಸಲೀಸಾಗಿ ನುಸುಳಿ ಮುಂದೆ ಬಂದು, “ನಿನ್ ಎತ್ತು ನಿಲ್ತದ. ನನ್ ಗೌಡ್ತಿ ಹಿಂಗ ತೂರಿ ಸಿಕ್ಕೊಂಡು ಸಾಯ್ತಾಳ” ಎಂದು ವೆಲ್ಡರನಿಗೆ ಹೇಳಿದರು. ಸರಳನ್ನು ಕೆಳಗಿಳಿಸಿ, ನಡುವಿನ ಹಲಗೆಯನ್ನು ನೆಲದವರೆಗೆ ಮುಟ್ಟಿಸಿದ್ದಾಯಿತು. ಆಮೇಲೆ ನನಗೆ, “ಬಾಗ್ಲಾ ಹಾಕು. ಊರಾಗ ಒಂದು ಸುತ್ತು ಹೊಡಿ” ಎಂದರು. ನಾಲ್ಕು ಕಾಲಲ್ಲೇ ಇದ್ದ ಅವರನ್ನು ಹೇರಿಕೊಂಡು ಪೇಟೆ ಸುತ್ತಿಸಿ ತಂದೆ. ವೆಲ್ಡರ್ ನಗುತ್ತಾ ಬಾಗಿಲು ತೆಗೆದರೆ, ಅವರ ಮುಖ ಬೆವರಿನಲ್ಲಿ ತೊಯ್ದಿತ್ತು.

“ನಿನ್ ಬ್ರೇಕು ನನ್ ಮಣಕಾಲಿಗೆ ಗೊತ್ತಾತು” ಎಂದು ಸಾವರಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಮಾತ್ರ ಕೇಳುವಂತೆ ಹೇಳಿದರು: “ಹಿಂದ ಸರಿಯಾಕ ಜಾಗ ಇಲ್ಲ ಅಂತ ಒಮ್ಮೆ ತಲಿಯಾಗ ಹೊಕ್ಕರ, ಕುದುರಿ ಏನು, ದೇವ್ರೂ ಒದೀತಾನ.”

ಅಂದಿನಿಂದ ಅವರ ಕಟ್ಟಳೆಗಳು ಶುರುವಾದವು. ಹತ್ತಿಸುವಾಗ ಮೊದಲು ಬಾಗಿಲು, ಆಮೇಲೆ ಹಗ್ಗ. ಇಳಿಸುವಾಗ ಮೊದಲು ಹಗ್ಗ, ಆಮೇಲೆ ಬಾಗಿಲು. ನೆಲಕ್ಕೆ ರಬ್ಬರ್ ಮ್ಯಾಟು, ಮೇಲೆ ಮರದ ಹುಡಿ. ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು. ಅದಕ್ಕೆ ಸೊಸಿಗಂಟು ಎನ್ನುತ್ತಿದ್ದರು. “ನೋಡಾಕ ಗಟ್ಟಿ ಇರ್ತದ. ತವರಿನವ್ರು ಬಂದು ತುದಿ ಹಿಡದು ಒಮ್ಮೆ ಜಗ್ಗಿದ್ರ ಬಿಚ್ಚಿಕೊಂಡು ಹೋಗ್ತಾಳ.” ನನಗೂ ಕಲಿಸಿದರು. ನನ್ನ ಕೈ ಅಡಿಕೆ ಮೂಟೆಗೆ ಕಟ್ಟಿ ಪಳಗಿದ ಕೈ. ಘಟ್ಟ ಇಳಿದರೂ ಮೂಟೆ ಮಿಸುಕಬಾರದು ಎನ್ನುವ ಗಂಟು ಅದರದು. ಅವರೆದುರು ಸೊಸಿಗಂಟು ಹಾಕುತ್ತಿದ್ದೆ. ಮನಸ್ಸಿನಲ್ಲಿ, ಇಷ್ಟು ಚಿಕ್ಕ ಪ್ರಾಣಿಗೆ ಇಷ್ಟೆಲ್ಲ ಉಪಚಾರವೇ ಎಂದುಕೊಳ್ಳುತ್ತಿದ್ದೆ.

ನಾನು ಬರೆಯಲು ಕೂತ ಸಂಗತಿ ನಡೆದು ಈಗ ಕೆಲವು ವರ್ಷಗಳೇ ಆದವು. ಸಿದ್ದಾಪುರದ ಕಡೆ ಒಂದು ಉಪನಯನ. ಕರಿಬಸಣ್ಣ ಹಿಂದಿನ ದಿನ ಊರಿಗೆ ಹೋಗಿದ್ದರು. ಶಿರಸಿಯಲ್ಲಿ ಬಂದು ಕೂಡಿಕೊಳ್ಳುವೆ, ಯಲ್ಲಾಪುರದಿಂದ ನೀನೇ ಹೇರಿಕೊಂಡು ಬಾ ಎಂದಿದ್ದರು. ಬೆಳಿಗ್ಗೆ ನೋಡಿದರೆ ನಾನು ತೊಳೆದು ಬೇಲಿಯ ಮೇಲೆ ಹಾಕಿದ್ದ ಮ್ಯಾಟು ಒಣಗಿರಲಿಲ್ಲ. ನೀರು ಕುಡಿದು ಹೆಣಭಾರವಾಗಿತ್ತು. ಬಚ್ಚಲ ಒಲೆಗೆಂದು ಹೆಂಡತಿ ಶೆಡ್ಡಿನಲ್ಲಿ ಅಡಿಕೆ ಹಾಳೆ ಒಟ್ಟಿದ್ದಳು. ಅದನ್ನೇ ತಂದು ಟ್ರೇಲರಿನ ತುಂಬ ಒಪ್ಪವಾಗಿ ಹಾಸಿದೆ. ನಮ್ಮ ಕಡೆಯವರಿಗೆ ಹಾಳೆ ಯಾವುದಕ್ಕೆ ಆಗುವುದಿಲ್ಲ? ಊಟಕ್ಕೆ ಆಗುತ್ತದೆ, ಬೀಸಣಿಗೆಗೆ ಆಗುತ್ತದೆ, ಮಗುವನ್ನು ಮೀಯಿಸಿ ಮಲಗಿಸಲಿಕ್ಕೂ ಆಗುತ್ತದೆ. ಅದೇ ಹಾಳೆಯ ಮೇಲೆ ಕೂತು ದಿಬ್ಬದಿಂದ ಜಾರುವುದು ನನ್ನ ಬಾಲ್ಯದ ಆಟವಾಗಿತ್ತು. ಅದು ಆ ಹೊತ್ತಿಗೆ ನೆನಪಾಗಲಿಲ್ಲ. ಯಲ್ಲಾಪುರದಲ್ಲಿ ಕುದುರೆ ಹತ್ತಿಸಿ, ಅವಸರದಲ್ಲಿ ನನ್ನ ಕೈಗೆ ಬಂದ ಗಂಟನ್ನೇ ಬಿಗಿದೆ.

ಶಿರಸಿಯಲ್ಲಿ ಕರಿಬಸಣ್ಣ ಮಂಡಿ ಹಿಡಿದುಕೊಂಡು ಕುಂಟುತ್ತಾ ಬಂದರು. ಬಾತಿತ್ತು. ನಿಲ್ಲಲಾಗುವುದಿಲ್ಲ, ಇವತ್ತು ಮುಂದೆಯೇ ಕೂರುತ್ತೇನೆ ಎಂದರು.

“ಹಾಸೀಯಾ?”

“ಹಾಸಿದ್ದೇನೆ.”

“ಗಂಟು?”

“ನಿಮ್ಮದೇ ಗಂಟು.”

ಹಿಂದೆ ಹೋಗಿ ಒಂದು ಸಲ ನೋಡಿಬಿಡಲಿ ಎಂದು ಒಳಗೊಳಗೇ ಹಾರೈಸಿದೆ. ಅವರು ನೋಡಲಿಲ್ಲ. ನನ್ನ ಮಾತು ಸಾಕಾಯಿತು. ಪಕ್ಕದಲ್ಲಿ ಕೂತು, ಮೊದಲ ಸಲ ಎದುರಿನಿಂದ ಬರುವ ರಸ್ತೆ ನೋಡಿ ಮದುವೆಗೆ ಹೊರಟವರಂತೆ ಹಿಗ್ಗಿದರು. “ಇದೇನಲೇ, ಗಿಡಾ ಎಲ್ಲಾ ಮೈಮ್ಯಾಲ ಬರ್ತಾವ. ನಿನಗ ಹೆದ್ರಿಕಿ ಆಗಂಗಿಲ್ಲೇನ?” ಎಂದು ಕೇಳುತ್ತಿದ್ದರು. ನಾನು ನಕ್ಕೆ. ಹೇಳಿಬಿಡಬಹುದಿತ್ತು. ಹಾಳೆ ತೆಗೆದು, ಗಂಟು ಬದಲಿಸಿ, ಬೈಸಿಕೊಂಡು ಮುಂದೆ ಹೋಗಬಹುದಿತ್ತು. ಪ್ರತಿ ತಿರುವಿಗೂ ಇದರ ಆಚೆ ಹೇಳುತ್ತೇನೆ ಎಂದುಕೊಂಡೆ.

ಸ್ವಲ್ಪ ದೂರಕ್ಕೆ ಅವರ ಮಾತು ನಿಂತಿತು. ಕಿವಿ ಹಿಂದಕ್ಕೆ ಕೊಟ್ಟರು. “ಡ್ರೈವರಾ, ಕಾಲಿನ ಸಪ್ಪಳ ಬ್ಯಾರೆ ಐತಿ. ನಿಲ್ಸು.”

“ಇಲ್ಲಿ ಇಳಿಜಾರು. ಮುಂದೆ ಸಪಾಟು ಸಿಗ್ತದೆ, ಅಲ್ಲಿ ನಿಲ್ಲಿಸ್ತೇನೆ.”

ಅಲ್ಲಿಯೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಹಾಳೆ ಕಾಣುತ್ತಿತ್ತು, ಅಷ್ಟೇ. ಇಳಿಜಾರಿನ ಕೊನೆಗೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ತುಳಿದೆ. ಹಿಂದೆ ತಗಡಿಗೆ ಏನೋ ಅಪ್ಪಳಿಸಿದ ಸದ್ದು. ಆಮೇಲೆ ಗೊರಸುಗಳು ಹಾಳೆಯ ಮೇಲೆ ಒಂದೇ ಸಮ ಕೆರೆಯುವ ಸದ್ದು. ಅದನ್ನು ಈಗಲೂ ಕೇಳುತ್ತಿದ್ದೇನೆ.

ಇಳಿದು ಹಿಂದೆ ಓಡಿದರೆ, ಗೌಡ್ತಿ ಮಗ್ಗುಲಾಗಿ ಬಿದ್ದಿದ್ದಳು. ಹಗ್ಗ ತಲೆಯನ್ನು ಮೇಲಕ್ಕೇ ಹಿಡಿದಿತ್ತು. ಏಳಲಿಕ್ಕಾಗದು, ಮಲಗಲಿಕ್ಕೂ ಆಗದು. ಏಳಹೋದರೆ ಕಾಲು ಜಾರುತ್ತಿತ್ತು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ.

“ಬಾಗ್ಲಾ ಮುಟ್ಟಬ್ಯಾಡ” ಎಂದರು. ಬಾತ ಮಂಡಿಯಲ್ಲೇ ಮುಂಗಡೆಯ ಕಿಂಡಿಯಿಂದ ಒಳಗೆ ತೆವಳಿ, ಅವಳ ಕುತ್ತಿಗೆಯ ಕೆಳಗೆ ಹೆಗಲು ಕೊಟ್ಟರು. ಹಗ್ಗ ಒಂದಿಷ್ಟು ಸಡಿಲಾಯಿತು. ಒಂದು ಕೈ ಮೇಲೆತ್ತಿ ತುದಿಯನ್ನು ಹುಡುಕಿ ಜಗ್ಗಿದರು. ಬಿಚ್ಚಲಿಲ್ಲ. ಮತ್ತೊಮ್ಮೆ ಜಗ್ಗಿದರು. ಕುದುರೆಯ ಭಾರ ಬಿದ್ದು ನನ್ನ ಗಂಟು ಕಲ್ಲಾಗಿತ್ತು. ಕುದುರೆಯ ಅಡಿಯಲ್ಲಿ ಸಿಕ್ಕಿಕೊಂಡೇ ಅವರು ಸರಳುಗಳ ನಡುವಿನಿಂದ ನನ್ನನ್ನು ನೋಡಿದರು.

“ಇದು ನನ್ ಗಂಟಲ್ಲ” ಎಂದರು. ಬೈಯಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಸೊಂಟದ ಕತ್ತಿ ಕೊಟ್ಟರು. ಹಗ್ಗ ಕಡಿದೆ. ಗೌಡ್ತಿ ಬದುಕಿದಳು. ಆದರೆ ಮುಂಗಾಲಿನ ಕೀಲು ಹೋಗಿತ್ತು. ವೈದ್ಯರು ಇನ್ನು ಇವಳು ಯಾರನ್ನೂ ಹೊರುವುದಿಲ್ಲ ಎಂದರು.

ಯಲ್ಲಾಪುರದ ಅಂಗಳದಲ್ಲಿ ಭಾವ ಕೇಳಿದ, “ಇದು ಹ್ಯಾಂಗಾತು?” ಕೇಳಿದ್ದು ಇಬ್ಬರನ್ನೂ. ಕರಿಬಸಣ್ಣ ನನ್ನ ಕಡೆ ತಿರುಗಿದರು. ನಾನು ಮಾತಾಡಲಿ ಎಂದು ಕಾದರು. ನಾನು ಟೈರು ನೋಡುತ್ತಿದ್ದೆ. ಅದರ ಸಂದಿಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು, ಅದನ್ನೇ ನೋಡುತ್ತಿದ್ದೆ. ಕಡೆಗೆ ಅವರು, “ಕುದುರಿ ಜವಾಬ್ದಾರಿ ನಂದ್ ರೀ” ಎಂದರು. ಅದು ಸುಳ್ಳಲ್ಲ. ಉಳಿದ ನಿಜ ಹೇಳುವ ಕೆಲಸ ನನ್ನದಾಗಿತ್ತು, ನಾನು ಹೇಳಲಿಲ್ಲ. ಭಾವ ಅವರನ್ನು ಕೆಲಸದಿಂದ ಬಿಡಿಸಿದ. ಮರುದಿನ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದರು.

ಆ ವಾರ ಹೆಂಡತಿ ಬಚ್ಚಲಿಗೆ ಬೆಂಕಿ ಹಾಕಲು ಹೋದವಳು ಶೆಡ್ಡಿನಿಂದಲೇ ಕೇಳಿದಳು, “ಇಲ್ಲಿದ್ದ ಹಾಳೆ ಎಲ್ಲಿ ಹೋತು?” ಅವಳು ಹೊರಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಬಾಡಿಗೆ ಓಡಿಸುವುದನ್ನು ಬಿಟ್ಟು ಕೆಲವು ದಿನ ಮನೆಯಲ್ಲೇ ಕೂತೆ. ಕೊನೆಗೆ ಕರಿಬಸಣ್ಣನವರ ಹಳ್ಳಿ ಹುಡುಕಿಕೊಂಡು ಹೋದೆ. ಕೊಟ್ಟಿಗೆಯ ಮುಂದೆ ಕಾಲು ನೀಡಿ ಕೂತಿದ್ದರು. ಮಂಡಿ ಮಡಿಸಲು ಬರುತ್ತಿರಲಿಲ್ಲ.

“ಬಾ ಡ್ರೈವರಾ. ಗೌಡ್ತ್ಯಾರು ಹೆಂಗದಾರ?”

“ಇದ್ದಾಳೆ. ಕುಂಟುತ್ತಾಳೆ.”

“ನಾನೂ ಕುಂಟ್ತೀನಿ ಅಂತ ಹೇಳು.”

ಚಹಾ ಬಂತು. ಕುಡಿದೆ. ಹೇಳಲು ಬಾಯಿ ತೆರೆದೆ: “ಕರಿಬಸಣ್ಣಾ, ಆವತ್ತು ನಾನು...”

ಅವರು ಕೈ ಅಡ್ಡ ಮಾಡಿದರು. “ನನಗ ಗೊತ್ತದ. ಗೊತ್ತಿದ್ದವನ ಮುಂದ ಹೇಳಿದ್ರ ಅದು ಹರಟಿ ಆಗ್ತದ. ಗೊತ್ತಿಲ್ಲದವ್ರ ಮುಂದ ಹೇಳು. ನಿಮ್ ಭಾವನ ಮುಂದ ಹೇಳು.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೊರಡುವಾಗ, ಡಾಂಬರು ರಸ್ತೆಯವರೆಗೆ ಬರುತ್ತೇನೆ ಎಂದು ಜೀಪಿನ ಹಿಂದೆ ಹತ್ತಿದರು. ಮುಂದೆ ಬನ್ನಿ ಎಂದರೆ ಕೇಳಲಿಲ್ಲ. ಕನ್ನಡಿಯಲ್ಲಿ ಅದೇ ಬೆನ್ನು, ಅದೇ ರುಮಾಲು. ರಸ್ತೆ ಬಂದಾಗ ಕಡಗದ ಎರಡು ಏಟು ಕೇಳಿಸಿತು. ನಿಲ್ಲಿಸಿದೆ. ಅವರು ಇಳಿದದ್ದನ್ನು ನೋಡಿದೆ. ಅದೇ ಕಡೆಯ ಭೇಟಿ.

ಭಾವನಿಗೆ ಹೇಳಲಿಲ್ಲ. ಇಂದು, ನಾಳೆ ಎನ್ನುತ್ತಲೇ ಇದ್ದೆ. ಕರಿಬಸಣ್ಣ ತೀರಿಕೊಂಡ ಸುದ್ದಿ ಬನವಾಸಿ ಕಡೆಯ ಬಸ್ಸಿನ ಕಂಡಕ್ಟರನಿಂದ ತಿಳಿಯಿತು, ಮಣ್ಣಾಗಿ ಎಷ್ಟೋ ದಿನವಾದ ಮೇಲೆ. ಆಗ ಯಲ್ಲಾಪುರಕ್ಕೆ ಹೋದೆ. ಜಗಲಿಯಲ್ಲಿ ಕೂತು ಹಾಳೆ, ಗಂಟು, ನಿಲ್ಲಿಸು ಅಂದರೂ ನಿಲ್ಲಿಸದೆ ಹೋದದ್ದು ಎಲ್ಲ ಹೇಳಿದೆ. ಭಾವ ಎಲೆ ಅಡಿಕೆಯ ಕವಳದ ತಬಕನ್ನು ನನ್ನ ಕಡೆ ಸರಿಸಿದ.

“ಎಂಗೆ ಆವತ್ತೇ ಗೊತ್ತಿತ್ತು” ಎಂದ. “ ಟ್ರೇಲರ್ ತೊಳ್ಸಕರೆ ಹಾಳೆ ಚೂರು ಕಂಡಿತ್ತು.”

“ಮತ್ತೆ ಕರಿಬಸಣ್ಣನ್ನ ಎಂತಕ್ಕೆ ಬಿಡ್ಸಿದ್ದು?”

“ಹೊರಗಿನವನ್ನ ಬಿಡ್ಸಲಕ್ಕು. ತಂಗಿ ಗಂಡನ್ನ ಬಿಡ್ಸಲಾಗ್ತಾ?” ಎಂದು ಅಡಿಕೆ ಕತ್ತರಿಸತೊಡಗಿದ.

ಅವನಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿತ್ತು. ಕರಿಬಸಣ್ಣನವರಿಗಂತೂ ಸರಳುಗಳ ನಡುವಿನಿಂದಲೇ ಗೊತ್ತಾಗಿತ್ತು. ಇಷ್ಟು ವರ್ಷ ನಾನೊಬ್ಬನೇ ಬಚ್ಚಿಟ್ಟುಕೊಂಡು ಕೂತದ್ದು ಯಾರಿಂದ ಎಂದು ತಿಳಿಯಲಿಲ್ಲ. ಗೊತ್ತಿಲ್ಲದವರು ಎಂದು ಉಳಿದವರು ಇದನ್ನು ಓದುವ ನೀವು ಮಾತ್ರ. ಅದಕ್ಕೇ ಬರೆದೆ.

ಹೊರಡುವ ಮುಂಚೆ ಲಾಯದ ಹತ್ತಿರ ಹೋದೆ. ಗೌಡ್ತಿ ನನ್ನನ್ನು ನೋಡಿ ಕುಂಟುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದು ಹೆಜ್ಜೆ ಸರಿದಳು. ಹಿಂಭಾಗ ಗೋಡೆಗೆ ತಾಗಿತು. ಇನ್ನು ಜಾಗವಿರಲಿಲ್ಲ. ಕಿವಿ ಹಿಂದಕ್ಕೆ ಮಡಚಿ ನಡುಗುತ್ತಾ ನಿಂತಳು. “ನಾನೇ ಸರೀತೀನ್ರಿ ಗೌಡ್ತ್ಯಾರ” ಎಂದೆ, ಅವರ ಹಾಗೆ. ಬೆನ್ನು ತಿರುಗಿಸಲಿಲ್ಲ. ಅವಳನ್ನು ನೋಡುತ್ತಲೇ, ಹಿಮ್ಮುಖವಾಗಿ ನಡೆದು ಹೊರಗೆ ಬಂದೆ.