ಹನ್ನೊಂದು ಹೇಳಿಕೆ, ಎರಡು ಪೆನ್ಸಿಲ್

ಸುಳಿಗೆ ಸಿಕ್ಕ ಹರಿಗೋಲಿನಲ್ಲಿ ಅಂಬಿಗನೇ ಸುಮ್ಮನೆ ಕುಳಿತುಬಿಟ್ಟರೆ ನೀವೇನು ಮಾಡುತ್ತೀರಿ?

ನಾನು ಮನೆದೇವರನ್ನೂ ಅಂಬಿಗ ಹುಲಗಪ್ಪನನ್ನೂ ಒಟ್ಟಿಗೇ ಬೈದೆ. ಹೋದ ತಿಂಗಳು ಕೃಷ್ಣೆ ದಾಟುವಾಗ ಹರಿಗೋಲು ಬುಗುರಿಯಂತೆ ತಿರುಗುತ್ತಿತ್ತು. ಅವನು ಹುಟ್ಟನ್ನು ನೀರಿನಿಂದ ಎತ್ತಿ ಮೊಣಕಾಲ ಮೇಲಿಟ್ಟುಕೊಂಡು, "ಯಾವನರೆ ಅಲಗ್ಯಾಡಿದ್ರ ಕಾಲ ಮುರಿತೀನಿ" ಎಂದು ಗದರಿದ. ಐದಾರು ಸುತ್ತು. ಆಮೇಲೆ ಹೇಗೋ ದಡ ಸೇರಿದೆವು. ಈಗಲೂ ಕಣ್ಣು ಮುಚ್ಚಿದರೆ ಹಾಸಿಗೆ ತಿರುಗುತ್ತದೆ.

ಯಾರೋ ದೂರು ಕೊಟ್ಟರು. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಬಂದ ಹೊಸ ತಹಸೀಲ್ದಾರರಿಗೆ ಎಲ್ಲವೂ ಕಾಗದದ ಮೇಲೆ ಬೇಕು. ನನ್ನ ಜೊತೆ ಹರಿಗೋಲಿನಲ್ಲಿದ್ದ ಹನ್ನೊಂದು ಜನರ ಹೇಳಿಕೆ ಬರೆಸಿದರು. ಪ್ರತಿಯೊಂದನ್ನೂ ಓದಿ 'ಅಂಬಿಗನ ತಪ್ಪು' ಅಥವಾ 'ನದಿಯ ಆಟ' ಎಂದು ಗುರುತು ಹಾಕಲು ಇಬ್ಬರನ್ನು ಕರೆದರು. ಬಿ.ಎ. ಓದಿದ ನಾನು, ಸುರಪುರದ ಮಲ್ಲಪ್ಪ ಮಾಸ್ತರರು. (ಹರಿಗೋಲಿನಲ್ಲಿ ಕಿರುಚಿದವನೇ ಈ ಕೆಲಸಕ್ಕೆ ಕೂರಬಹುದೇ ಎಂದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.)

"ಬ್ಯಾರೆ ಬ್ಯಾರೆ ಕುಂತು ಓದ್ರಿ. ಒಬ್ಬರದೊಬ್ಬರು ನೋಡಬ್ಯಾಡ್ರಿ. ಇಬ್ಬರೂ ತಪ್ಪು ಅಂದ್ರ ಅವನ ಪರವಾನಗಿ ರದ್ದು" ಎಂದರು ಸಾಹೇಬರು.

ಹನ್ನೊಂದರಲ್ಲೂ ಒಂದೇ ಮಾತು: 'ಹುಟ್ಟು ಎತ್ತಿ ಸುಮ್ಮನ ಕುಂತ.' ನಾನು ಹನ್ನೊಂದಕ್ಕೂ 'ತಪ್ಪು' ಎಂದು ಗೀಚಿದೆ. ಒಂದು ಕಡೆಯೂ ಪೆನ್ಸಿಲ್ ತಡವರಿಸಲಿಲ್ಲ. ನನ್ನ ಭಯಕ್ಕೆ ಎಂಥ ಶಿಸ್ತು!

ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ಮಾಸ್ತರರದು ಹನ್ನೊಂದೂ 'ನದಿಯ ಆಟ'!

"ಏನ್ರೀ ಮಾಸ್ತರ, ಜೀವಾ ಹೋಗೂ ಹೊತ್ತಿನ್ಯಾಗ ಸುಮ್ಮನ ಕುಂತಾವಂದು ತಪ್ಪಲ್ಲೇನ್ರಿ?"

ಅವರು ನಕ್ಕರು. "ನಾ ಹೊಳಿ ದಂಡಿ ಮ್ಯಾಲೆ ಬೆಳದಾಂವ ರೀ. ಸುಳಿಗೆ ಎದುರು ಹುಟ್ಟು ಹಾಕಿದ್ರ ಹರಗೋಲ ಮಗಚತದ. ಎತ್ತಿ ಕುಂಡ್ರಬೇಕು. ಸುಳಿನೇ ತಿರಗಸಿ ಅಂಚಿಗೆ ತರತದ. ಆಗ ಒಂದ ಏಟು, ಒಂದ! ಹಾಕಿದ್ನೋ ಇಲ್ಲೋ?"

ಹಾಕಿದ್ದ. ಮೇಲೆ 'ಹೇಗೋ' ಎಂದು ಬರೆದೆನಲ್ಲ, ಆ ಹೇಗೋ ಎಂದರೆ ಆ ಒಂದೇ ಏಟು. ನಾವೆಲ್ಲ ಕಿರುಚುತ್ತಿದ್ದಾಗ ಅವನೊಬ್ಬ ಸಾವಿನ ಸುತ್ತು ಎಣಿಸುತ್ತ ಅಂಚು ಬರಲೆಂದು ಕಾದಿದ್ದ. ಅಷ್ಟು ಹೊತ್ತು ಕೈ ತಡೆದು ಕೂರಲು ಎಂಥ ಎದೆ ಬೇಕು?

ಸಾಹೇಬರ ಮುಂದೆಯೇ ನನ್ನ ಗುರುತುಗಳನ್ನು ಅಳಿಸಿದೆ. ಪರವಾನಗಿ ಉಳಿಯಿತು.

ಆದರೆ ನನ್ನ ಜೊತೆಗೆ ಮಾಸ್ತರರ ಬದಲು ನನ್ನಂಥ ಇನ್ನೊಬ್ಬ ಪುಕ್ಕಲನನ್ನು ಕೂರಿಸಿದ್ದರೆ? ನಮ್ಮಿಬ್ಬರ ಹಾಳೆ ಹನ್ನೊಂದಕ್ಕೆ ಹನ್ನೊಂದೂ ತಾಳೆಯಾಗುತ್ತಿದ್ದವು. ಹುಲಗಪ್ಪನ ಹರಿಗೋಲು ಮಾತ್ರ ದಡದಲ್ಲಿ ಬೋರಲು ಬಿದ್ದಿರುತ್ತಿತ್ತು.