ಕೆಡಿಸಿ ಕಲಿತ ಕೋಬಾಲ್

ಕೋವಿಡ್ ಮುಗಿದ ಮರುವರ್ಷ. ಪಾಲಿಟೆಕ್ನಿಕ್ಕಿನಿಂದ ನಿವೃತ್ತಳಾದ ನಾನು ಬಾಗಲಕೋಟೆಯ ನವನಗರದ ಒಂದು ತರಬೇತಿ ಕೇಂದ್ರದಲ್ಲಿ ಕೋಬಾಲ್ ಕಲಿಸುತ್ತಿದ್ದೆ. ಬ್ಯಾಂಕು, ವಿಮೆಗಳ ಎಷ್ಟೋ ಲೆಕ್ಕ ಇಂದಿಗೂ ಈ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲೇ ನಡೆಯುತ್ತದೆ. ಸತ್ತ ಭಾಷೆ ಎಂದು ಮೂಗು ಮುರಿಯುವವರ ವಿಮೆಯ ಕಂತನ್ನೂ ಅದೇ ಕೂಡಿಸುತ್ತಿರಬಹುದು, ಗೊತ್ತಿರಲಿ.

ಇಳಕಲ್ಲಿನ ಶಕೀಲಾಗೆ ಈ ವಿದ್ಯೆ ಬೇಕೇ ಬೇಕಿತ್ತು. ಗಂಡ ಲಾರಿಯ ಮೇಲೆ ಸದಾ ಹೊರಗೆ, ಅತ್ತೆ ಹಾಸಿಗೆ ಹಿಡಿದಿದ್ದರು. ಅರ್ಧ ದಿನ ತಂಗಿಯನ್ನು ಅತ್ತೆಯ ಬಳಿ ಕೂರಿಸಿ ಬಸ್ಸು ಹಿಡಿದು ಬರುತ್ತಿದ್ದಳು. ಹಳೆಯ ಕೋಬಾಲ್ ಪ್ರೋಗ್ರಾಮ್‌ಗಳನ್ನು ಮನೆಯಿಂದಲೇ ದುರಸ್ತಿ ಮಾಡುವವರನ್ನು ಬೆಂಗಳೂರಿನ ಒಂದು ಕಂಪನಿ ಹುಡುಕುತ್ತಿತ್ತು. ಅವಳಿಗೆ ಹೊಂದುವ ಕೆಲಸ ಅದೊಂದೇ.

ತೊಡಕು ಇದ್ದದ್ದು ಮಾದರಿ ಸೋರ್ಸ್ ಕೋಡಿನಲ್ಲಿ, ಅಂದರೆ ಓದಿ ಕಲಿಯಲು ಬೇಕಾದ ಪ್ರೋಗ್ರಾಮಿನ ಮೂಲ ಬರಹದಲ್ಲಿ. ನಿಜವಾದ ಕೋಡೆಲ್ಲ ಕಂಪನಿಗಳ ಬೀಗದೊಳಗೆ. ಅಂತರ್ಜಾಲ ಜಾಲಾಡಿ ನಾನು ತಂದದ್ದು ಯಾರೋ ಪುಣ್ಯಾತ್ಮರು ಉಚಿತವಾಗಿ ಹಾಕಿದ ಸಣ್ಣ ಪ್ರೋಗ್ರಾಮ್‌ಗಳನ್ನು. ಎಲ್ಲವೂ ಚೊಕ್ಕ, ಎಲ್ಲವೂ ಓಡುವಂಥವು. ತರಗತಿಯ ಹುಡುಗಿಯರು ಅವನ್ನೇ ಬಾಯಿಪಾಠ ಮಾಡಿದರು. ಆನ್‌ಲೈನ್ ಪರೀಕ್ಷೆಯಲ್ಲಿ ಕಂಪನಿ ಕೊಟ್ಟದ್ದು ಕೆಟ್ಟುನಿಂತ ಪ್ರೋಗ್ರಾಮ್! ಶಕೀಲಾ ಒಂದು ಸಾಲನ್ನೂ ಸರಿಪಡಿಸಲಾರದೆ ಎದ್ದುಬಂದಳು. ಇನ್ನೊಂದೇ ಅವಕಾಶ ಎಂದ ಕಂಪನಿಯ ಪರೀಕ್ಷಕರು, ಉತ್ತರ ಕರ್ನಾಟಕದ ಕಡೆಯವರಿಗೆ ಇದು ಕಷ್ಟ ಎಂದೂ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು.

ಆಗ ಅದೇ ತರಗತಿಯ ಕೆರೂರಿನ ಹುಡುಗಿ ಮಾಳವ್ವ ಬಾಯಿಬಿಟ್ಟಳು. ಅವಳ ತಂದೆ ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವರು.

"ನಮ್ಮಪ್ಪನ ಮ್ಯಾಳದಾಗ ಬರೇ ಬಾಯಿಪಾಠ ನಡಿಯೂದಿಲ್ರಿ ಅಕ್ಕೋರ. ಎದರಿನ ಮ್ಯಾಳ ಸವಾಲ್ ಹಾಕತೈತಿ. ಅದನ್ನ ಬಿಡಿಸಿ ನಾವೂ ಒಂದ ಹಾಕಬೇಕು."

ಮರುದಿನವೇ ತರಗತಿಯನ್ನು ಎರಡು ಮೇಳ ಮಾಡಿದೆ. ಒಂದು ಮೇಳ ಓಡುವ ಪ್ರೋಗ್ರಾಮನ್ನು ಒಂದು ಕಡೆ ಕೆಡಿಸಬೇಕು. ಇನ್ನೊಂದು ಅದನ್ನು ಸರಿಪಡಿಸಿ, ತಿರುಗಿ ಒಂದನ್ನು ಕೆಡಿಸಿ ಕೊಡಬೇಕು. ಗದ್ದಲವೋ ಗದ್ದಲ. ಕೆಡಿಸುವುದನ್ನು ಕಲಿಸಲು ಫೀಸು ಬೇರೆ ಕೇಡು ಎಂದು ಕೇಂದ್ರದ ಮ್ಯಾನೇಜರ್ ಹಾರಾಡಿದರು. ನಿಲ್ಲಿಸುವುದಿಲ್ಲ, ಬೇಕಾದರೆ ನನ್ನನ್ನೇ ತೆಗೆಯಿರಿ ಎಂದೆ. ತೆಗೆಯಲಿಲ್ಲ. ಕೋಬಾಲ್ ಬಲ್ಲ ಇನ್ನೊಬ್ಬರು ಸಿಗಬೇಕಲ್ಲ!

ಎರಡನೆಯ ಪರೀಕ್ಷೆಗೆ ಶಕೀಲಾ ಕೇಂದ್ರದಲ್ಲೇ ಕುಳಿತಳು. ನಾನು ಬಾಗಿಲ ಹೊರಗೆ, ಕಿವಿ ಮಾತ್ರ ಒಳಗೆ. ಅವರು ಕೊಟ್ಟ ಪ್ರೋಗ್ರಾಮ್ ಕೊನೆಯ ಗ್ರಾಹಕನ ವಿಮೆಯ ಕಂತನ್ನು ಎರಡು ಸಲ ಕೂಡಿಸುತ್ತಿತ್ತು. ಹುಡುಕಿ ಸರಿಪಡಿಸಿದಳು. ಕಂಪ್ಯೂಟರ್ ಪರದೆಯ ಮೇಲಿದ್ದ ಅದೇ ಪರೀಕ್ಷಕರು, ಆಯಿತು, ಹೊರಡಿ ಎಂದರು. ಇವಳು ಏಳಲಿಲ್ಲ. ಆ ಪ್ರೋಗ್ರಾಮನ್ನೇ ಬೇರೊಂದು ಕಡೆ ಕೆಡಿಸಿ ಅವರಿಗೆ ಕಳಿಸಿಬಿಟ್ಟಳು.

"ನಿಮ್ಮ ಸವಾಲ್ ಬಿಡಿಸೇನ್ರಿ ಸರ. ಈಗ ನಂದು ನೀವು ಬಿಡಸ್ರಿ."

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಪರೀಕ್ಷಕರು ಬಹಳ ಹೊತ್ತು ತಡಕಾಡಿ, ಉತ್ತರ ನೀವೇ ಹೇಳಿಬಿಡಿ ಎಂದರು.

"ಹೇಳೂದಿಲ್ರಿ," ಎಂದಳು ಶಕೀಲಾ.

ವಾರದೊಳಗೆ ನೇಮಕದ ಇ-ಮೇಲ್ ಬಂತು. ಅದರ ಜೊತೆಗೆ ಅವಳ ಸವಾಲಿಗೆ ಪರೀಕ್ಷಕರು ಬಿಡಿಸಿದ ಉತ್ತರವಿತ್ತು, ಅದರ ಕೆಳಗೆ ಅವರದೇ ಒಂದು ಹೊಸ ಸವಾಲು. ಸಂಬಳ ಎಷ್ಟೆಂದು ನೋಡುವ ಮೊದಲೇ ಶಕೀಲಾ ಅದನ್ನು ಬಿಡಿಸಲು ಕುಳಿತಳು.

ಹಳೆಯ ಭಾಷೆ ಕಲಿಯಲು ಮಾದರಿ ಎಲ್ಲಿ ಸಿಗುತ್ತದೆ ಎಂದು ಈಗಲೂ ಫೋನ್ ಮಾಡಿ ಕೇಳುತ್ತಾರೆ. ಸಿಕ್ಕಷ್ಟು ಸಾಕು, ಮೊದಲು ಅದನ್ನು ಕೆಡಿಸಿರಿ ಎನ್ನುತ್ತೇನೆ. ಓಡುವುದನ್ನು ನೋಡುತ್ತ ಕುಳಿತವರು ಬರೀ ನೋಡುತ್ತಾರೆ. ಕಲಿಯುವುದು ಕೈ ಹಾಕಿದವರು.