ಮಾವನಿಗಾಗಿ ಬಂದ ಮಿಲಿಟರಿ ಗಾಡಿ

ಲಾಕ್‌ಡೌನ್ ಎಲ್ಲ ಮುಗಿದು ಸೊಲ್ಲಾಪುರದ ಚಾದರದ ಮಗ್ಗಗಳು ಮತ್ತೆ ಖಡಖಡ ಎನ್ನತೊಡಗಿದ ವರ್ಷ. ದಸರಾ ಮುಗಿದು ಎಂಟು ದಿನವಾಗಿತ್ತೇನೋ. ಅಕ್ಕಲಕೋಟ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ನಾನು ಶಾಲೆಯ ಯುನಿಫಾರ್ಮು ಹೊಲಿಯುತ್ತಿದ್ದೆ. ಸೊಲ್ಲಾಪುರದ ಒಂದು ಕಾರಖಾನೆಯಿಂದ ಕತ್ತರಿಸಿದ ಬಟ್ಟೆ ತಂದು ಮನೆಯಲ್ಲೇ ಹೊಲಿದು ಕೊಡುವುದು ನನ್ನ ಕೆಲಸ. ಓಣಿಯ ತುದಿಯಲ್ಲಿ ಏನೋ ದೊಡ್ಡ ಗದ್ದಲ. ತಲೆಯೆತ್ತಿ ನೋಡಿದರೆ, ಒಂದು ಟ್ರ್ಯಾಕ್ಟರು ಹಸಿರು ಬಣ್ಣದ ಹಳೆಯ ಮಿಲಿಟರಿ ಟ್ರಕ್ಕೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತಿತ್ತು. ಟ್ರಕ್ಕಿನ ಸ್ಟೇರಿಂಗ್ ಹಿಡಿದು ಕೂತವರು ನಮ್ಮ ಮನೆಯವರು!

ನಮ್ಮ ಮನೆಯವರ ಹೆಸರು ನಾಗೇಶ. ಸೊಲ್ಲಾಪುರದಲ್ಲಿ ಮಗ್ಗದ ಫಿಟ್ಟರ್. ಪುಣೆಯ ಕಡೆ ಸೈನ್ಯದ ಹಳೆಯ ಗಾಡಿಗಳ ಹರಾಜು ಇದೆಯೆಂದು ಹೋಗಿದ್ದರು. ಸುಮ್ಮನೆ ನೋಡಿ ಬರುತ್ತಾರೆ ಅಂದುಕೊಂಡಿದ್ದೆ. ಗಾಡಿ ಅಂಗಳಕ್ಕೆ ಬಂದು ನಿಂತಾಗ ನನ್ನ ತುಳಸಿಕಟ್ಟೆ ಕಾಣದಾಯಿತು.

"ಇದೇನ್ರಿ ಇದು? ಯಾಕ ತಂದ್ರಿ?" ಅಂದೆ.

"ನಾಕೂ ಗಾಲಿ ಎಳಿತಾವ ಇದರವು. ಎರಿ ಹೊಲದಾಗ ಎಂಥಾ ಕೆಸರಿದ್ದರೂ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬರತೈತಿ," ಅಂದರು.

ಪಡಸಾಲೆಯಲ್ಲಿ ಹಗ್ಗದ ಮಂಚ, ಅಂದರೆ ನಮ್ಮ ಬಾಜದ ಮೇಲೆ ಕೂತಿದ್ದ ನಮ್ಮ ಮಾವ ಶರಣಪ್ಪನವರು ಗಾಡಿಯನ್ನು ಮೇಲಿನಿಂದ ಕೆಳಗೆ ನೋಡಿ, "ನಾಗ್ಯಾ, ಈ ಗಾಡಿ ಹೊಲಕ್ಕ ಹೋಗೂದೋ, ಪಾಕಿಸ್ತಾನಕ್ಕೋ?" ಅಂದರು. ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ನೀರಿಗೆ ಹೋದಲ್ಲೆಲ್ಲ ಹೆಂಗಸರು ನನ್ನನ್ನು "ಏನವಾ ಸುವರ್ಣಾ, ಯುದ್ಧ ಯಾವಾಗ?" ಎಂದು ಕೇಳುವುದೇ ಆಯಿತು.

ಮಾವನ ಬಗ್ಗೆ ಹೇಳಲೇಬೇಕು. ಗಾಡಿ ಬರುವುದಕ್ಕೆ ನಾಲ್ಕು ವರ್ಷ ಮೊದಲು ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಕೋಲು ಹಿಡಿದು ಅಂಗಳದವರೆಗೆ ಬರುತ್ತಿದ್ದರು, ಅಷ್ಟೇ. ಹೊಲ ಊರಿಂದ ಮೂರು ಕಿಲೋಮೀಟರು, ನಡುವೆ ಹಳ್ಳ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯ ಎರಚಿ ಚರಗ ಚೆಲ್ಲದೆ ಅವರು ಒಂದು ವರ್ಷವೂ ಇದ್ದವರಲ್ಲ. ಲಕ್ವಾ ಹೊಡೆದ ವರ್ಷ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕರೆದೊಯ್ದಿದ್ದೆವು. ಹಳ್ಳದಲ್ಲಿ ಟ್ರಾಲಿ ಎತ್ತಿ ಹಾಕಿದ ರಭಸಕ್ಕೆ ಮಾವ ಕೆಳಗೆ ಬಿದ್ದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಆಮೇಲೆ ಮೂರು ವರ್ಷ ಓಣಿಯ ಗಂಡಸರು, "ಕಾಕಾ, ಬಾಜದ ಮ್ಯಾಲೆ ಕೂಡ್ರಿ, ನಾಕ ಮಂದಿ ಹೊತಗೊಂಡು ಹೋಗತೀವಿ," ಅಂದರು. ಮಾವ ಕೆಂಡಾಮಂಡಲವಾದರು.

"ನಾಕ ಮಂದಿ ಹೆಗಲ ಮ್ಯಾಲೆ ನಾ ಒಂದ ಸಲ ಹೋಗಾಂವ. ಅದಕ್ಕಿನ್ನಾ ಟೈಮ್ ಐತಿ. ಏಳ್ರಿ ಇಲ್ಲಿಂದ!"

ಆ ಮೂರೂ ಅಮಾವಾಸ್ಯೆಗೆ ನಾವು ಹೊಲಕ್ಕೆ ಹೋಗಿ ಬರುವವರೆಗೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಂದ ಬುತ್ತಿಯನ್ನು ಮುಟ್ಟಿರಲಿಲ್ಲ.

ಗಾಡಿಯ ರಿಪೇರಿ ನಮ್ಮ ಅಂಗಳದಲ್ಲೇ ನಡೆಯಿತು. ನಮ್ಮ ಮನೆಯವರು ರವಿವಾರ ಪೂರ್ತಿ, ಉಳಿದ ದಿನ ಪಾಳಿ ಮುಗಿಸಿ ಬಂದು ಹೊತ್ತು ಮುಳುಗುವತನಕ ಅದರ ಕೆಳಗೇ ಇರುತ್ತಿದ್ದರು. ಮಗ್ಗದ ರೋಗವನ್ನು ಅವರು ಕಿವಿಯಿಂದ ಹಿಡಿಯುವವರು. ಒಂದು ಕೋಲಿನ ತುದಿ ಯಂತ್ರಕ್ಕೆ ಹಚ್ಚಿ ಇನ್ನೊಂದು ತುದಿ ಕಿವಿಗಿಟ್ಟು ಕೇಳುತ್ತಾರೆ. ಗಾಡಿಗೂ ಅದೇ ಉಪಚಾರ. ಗಾಳಿ ಎಳೆಯುವ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ಡೀಸೆಲ್ ಪೈಪುಗಳಲ್ಲಿ ಕರಿ ರಾಡಿ. ಎಲ್ಲ ಬಿಚ್ಚಿ, ತೊಳೆದು, ಕಟ್ಟಿ, ಎರಡು ಹೊಸ ಬ್ಯಾಟರಿ ಹಾಕಿದ ಮೇಲೆ ಒಂದು ರವಿವಾರ ಅದು ಗುಡುಗಿತು ನೋಡಿ, ನಮ್ಮ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ನಮ್ಮತ್ತೆ ಎಮ್ಮೆಯ ಹಿಂದೆ, ನಾನು ಅತ್ತೆಯ ಹಿಂದೆ.

ಮಿಲಿಟರಿಯ ಹಸಿರು ಬಣ್ಣ ನಮ್ಮಂಥವರು ಇಟ್ಟುಕೊಳ್ಳುವಂತಿಲ್ಲವಂತೆ. ತಂತಿ ಬ್ರಷ್ ಹಿಡಿದು ನಾನೇ ಕೆರೆದೆ. ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಮತ್ತೊಂದು. ಯಾವ ಬಣ್ಣ ಹಚ್ಚುವುದು ಎಂದು ಮಾವನನ್ನೇ ಕೇಳಿದೆವು. "ಹಳದಿ ಹಚ್ಚರಿ, ಕುಸುಬಿ ಹೂ ಇದ್ದಂಗ ಕಾಣಲಿ," ಅಂದರು. ಹಚ್ಚಿದೆವು. ಮೇಲಿನ ತಾಡಪತ್ರಿಯನ್ನು ನನ್ನ ಮಷೀನಿನಲ್ಲೇ ಹೊಲಿದೆ. ಸೂಜಿ ಏಳೋ ಎಂಟೋ ಮುರಿದವು.

ಆಮೇಲೆ ನಮ್ಮ ಮನೆಯವರು ಮಾಡಿದ್ದು ನನಗೆ ತಿಳಿಯಲಿಲ್ಲ. ಗಾಲಿಯ ಮೇಲಿನ ಪಾಟಾ, ಅಂದರೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಲ್ಲಿ ಮೂರು ಮೂರು ತೆಗೆದು ಹಾಕಿದರು. ಅವು ಕಡಿಮೆಯಾದರೆ ಗಾಡಿ ಮೆತ್ತಗಾಗುತ್ತದೆ. ಆದರೆ ಚೀಲ ಹೇರುವ ಗಾಡಿಗೆ ಮೆತ್ತಗೆ ಯಾಕೆ ಬೇಕು? ಆಮೇಲೆ ವೆಲ್ಡಿಂಗ್ ಇಸ್ಮಾಯಿಲ್ ಭಾಯಿಯನ್ನು ಕರೆಸಿ, ಹಿಂಭಾಗದಲ್ಲಿ ಕಬ್ಬಿಣದ ಕಮಾನು ನಿಲ್ಲಿಸಿ ಬಾವಿಯ ರಾಟೆಗಳನ್ನು ತೂಗುಹಾಕಿದರು. ಹಗ್ಗದ ಒಂದು ತುದಿಗೆ ಮಗ್ಗದ ಕಬ್ಬಿಣದ ತೂಕಗಳು, ಇನ್ನೊಂದು ತುದಿ ಖಾಲಿ. ಎರಡೂ ಕಡೆ ಸಮ ತೂಕವಿದ್ದರೆ ಎಷ್ಟೇ ಭಾರವನ್ನಾದರೂ ಒಬ್ಬರೇ ಮೆಲ್ಲಗೆ ಮೇಲೆತ್ತಬಹುದಂತೆ.

"ಯಾರಿಗ್ರಿ ಇದು?" ಅಂದೆ.

ಅವರು ಪಡಸಾಲೆಯ ಕಡೆ ನೋಡಿದರು. ಮಾವ ನಿದ್ದೆಹೋಗಿದ್ದರು. "ಈ ಸಲ ಅಪ್ಪ ಹೊಲಕ್ಕ ಬರಬೇಕು. ಯಾರ ಹೆಗಲೂ ಬ್ಯಾಡ," ಎಂದು ಪಿಸುಗುಟ್ಟಿದರು. ಉಳ್ಳಾಗಡ್ಡಿಯ ಮಾತೆಲ್ಲ ಬರೀ ನೆಪ!

ಅಂದಿನಿಂದ ನಾನೂ ಹುರುಪಿನಿಂದ ಕೈ ಹಾಕಿದೆ. ಮಾವ ಮತ್ತೆ ಬೀಳದಂತೆ ಮಲಗಿಕೊಂಡೇ ಹೋಗಲು ಹಗುರವಾದ ಹಾಸು ಬೇಕಿತ್ತು. ಕಬ್ಬಿಣ ಭಾರವಾಗುತ್ತದೆಂದು ಅಕ್ಕಲಕೋಟದ ಸಂತೆಯಿಂದ ಎರಡು ಹಸಿ ಬಿದಿರು ತಂದೆ. ಅತ್ತೆ ಮಾವನಿಗೆ ಗೊತ್ತಾಗದಂತೆ ಹಿತ್ತಲಿನಲ್ಲಿ ಕೂತು, ಹೊಸ ಕತ್ತದ ಹಗ್ಗ ತಂದು ಅಡ್ಡಪಟ್ಟಿ ಬಿಗಿದೆವು. ಮೇಲೆ ಹಾಸಲು ನಮ್ಮ ಮನೆಯವರು ಮಗ್ಗದಿಂದ ಬಣ್ಣ ಹಾಕದ ಬಿಳಿ ಚಾದರ ತಂದರು. ಸುತ್ತಲೂ ಅಂಚು ಮಡಿಚಿ ನಾನೇ ಚಂದಾಗಿ ಹೊಲಿದು ಕಟ್ಟಿದೆ. ಕಣ್ಣು ತುಂಬುವಷ್ಟು ಅಚ್ಚುಕಟ್ಟಾಗಿತ್ತು. ನಾನು, ನಮ್ಮ ಮನೆಯವರು, ಇಸ್ಮಾಯಿಲ್ ಭಾಯಿ, ಮೂರೂ ಜನ ದೊಡ್ಡ ಶಾಣ್ಯಾರು. ಒಬ್ಬರಿಗಾದರೂ ಹೊಳೆಯಬೇಡವೇ?

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ, ನಾನು ಸೇರಿ ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಎಲ್ಲ ಮಾಡಿ ಬುಟ್ಟಿ ಕಟ್ಟಿದ್ದೆವು. ನಮ್ಮ ಮನೆಯವರು ಮಾವನ ಮುಂದೆ ಕೂತು, "ಅಪ್ಪಾ, ಗಾಡಿ ನಿನಗಂತನೇ ಮಾಡೀನಿ. ಹೊಲಕ್ಕ ನಡಿ," ಅಂದರು. ಮಾವ ಎಡಗೈಯಿಂದ ಮಗನ ಬೆನ್ನಿಗೊಂದು ಗುದ್ದಿದರು. ಸ್ನಾನ ಮಾಡಿದರು. ಹೊಸ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿಸಿಕೊಂಡು, ಮದುಮಗನ ಹಾಗೆ ಕೋಲೂರುತ್ತ ಅಂಗಳಕ್ಕೆ ಬಂದರು.

ಬಂದವರು ಹಾಗೇ ನಿಂತುಬಿಟ್ಟರು.

"ನಾಗ್ಯಾ, ನನ್ನ ಎಲ್ಲಿಗೆ ಕಳಸಾಕತ್ತೀಯೋ?"

ಆಗ ನಮ್ಮ ಕಣ್ಣು ತೆರೆಯಿತು. ಹಸಿ ಬಿದಿರು, ಹೊಸ ಹಗ್ಗ, ಬಿಳಿ ಬಟ್ಟೆ. ಚಟ್ಟ! ನಮ್ಮ ಕೈಯಾರೆ ನಾವು ಚಟ್ಟ ಕಟ್ಟಿ ಅಂಗಳದ ನಡುವೆ ಇಟ್ಟಿದ್ದೆವು. ಒಳಗಿಂದ ಬುಟ್ಟಿ ಹೊತ್ತು ಬಂದ ಅತ್ತೆ, "ಅಯ್ಯಯ್ಯ ನನ ಶಿವನೇ! ಏನ್ ಮಾಡೀರಿ ಹುಚ್ಚ ಮಂದಿ!" ಎಂದು ಎದೆ ಬಡಿದುಕೊಂಡರು. ಮಾವ ತಿರುಗಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಬಿದಿರು ತಂದವಳು ನಾನು, ಬಟ್ಟೆ ಹೊಲಿದವಳು ನಾನು. ನಮ್ಮ ಮನೆಯವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆದು ಗಾಲಿಗೆ ಒರಗಿ ಕುಸಿದರು. ರಾಟೆ ನೋಡಿಕೊಳ್ಳಲು ಬಂದಿದ್ದ ಇಸ್ಮಾಯಿಲ್ ಭಾಯಿ ಕುಡುಗೋಲು ತಂದು ಹಗ್ಗ ಕೊಯ್ಯತೊಡಗಿದ. ಬಿದಿರನ್ನು ಸೀಳಿ ಒಲೆಯ ಹತ್ತಿರ ಎಸೆದು ಬಂದು, "ಭಾಭಿ, ಅಳಬ್ಯಾಡ್ರಿ. ಕೂಡಾಕ ಬ್ಯಾರೇ ಏನಾರ ಐತೇನ ನೋಡ್ರಿ," ಅಂದ.

ಮೂಲೆಯಲ್ಲಿ ಜೋಳದ ಚೀಲ ತೂಗುವ ನಮ್ಮ ದೊಡ್ಡ ತಕ್ಕಡಿಯ ಹಲಗೆ ಇತ್ತು. ನಾಲ್ಕು ಮೂಲೆಗೂ ಸರಪಳಿ ಇರುವ ಅಗಲವಾದ ಹಲಗೆ. ಒಬ್ಬರು ಚಕ್ಕಳಮಕ್ಕಳ ಹಾಕಿ ಆರಾಮ ಕೂಡಬಹುದು. "ಅತ್ತಿ, ಮಾಮಾ ಇದರಾಗ ಕೂಡತಾರೇನ್ರಿ?" ಎಂದು ಹೆದರುತ್ತಲೇ ಕೇಳಿದೆ.

ಅತ್ತೆ ಹಲಗೆ ನೋಡಿದರು, ರಾಟೆ ನೋಡಿದರು. ಇನ್ನೊಂದು ತುದಿಗೆ ಜೋತಿದ್ದ ತೂಕಗಳನ್ನು ನೋಡಿದರು. ಬುಟ್ಟಿಯನ್ನು ಕೆಳಗಿಟ್ಟು, "ಆ ಕಬ್ಬಣ ಬಿಚ್ಚೋ ನಾಗ್ಯಾ. ಜ್ವಾಳದ ಚೀಲ ಕಟ್ಟು," ಅಂದರು.

"ಯಾಕವ್ವಾ?"

"ನಿಮ್ಮಪ್ಪಗ ಲಕ್ವಾ ಹೊಡದಾಗ ನಾ ಹೊಲದ ಲಕ್ಕವ್ವಗ ಹರಕಿ ಹೊತ್ತೀನಿ. ಜೀವ ಉಳಿಸಿದರ ಜ್ವಾಳದಾಗ ತೂಗಿ ನಿನ್ನ ಮುಂದ ತಂದು ಕೂಡಸತೀನಿ ಅಂತ. ಅವರು ಹೊಲಕ್ಕ ಬರೂ ಹಂಗ ಇರಲಿಲ್ಲ. ಮನಸಿಗೆ ಹಚಗೋತಾರ ಅಂತ ನಾ ಯಾರ ಮುಂದೂ ಆಡಲಿಲ್ಲ."

ಒಳಗಿಂದ ಮಾವನ ದನಿ ಬಂತು. "ನಾಕ ವರ್ಷ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೇನ?"

"ಮತ್ತೇನ್ ಮಾಡ್ಲಿರಿ? ಗ್ವಾಡಿ ಕಡೆ ಮಾರಿ ಮಾಡಿ ಮಲಗಾವರಿಗೆ ಏನಂತ ಹೇಳ್ಲಿ?" ಎಂದ ಅತ್ತೆಗೆ ಅಳು ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಲಿನ ಸಪ್ಪಳ ಕೇಳಿತು. ಮಾವ ಹೊರಗೆ ಬಂದರು. ನಮ್ಮ ಮನೆಯವರು ಹಲಗೆಯ ಸರಪಳಿಗಳನ್ನು ಹಗ್ಗದ ಖಾಲಿ ತುದಿಗೆ ಸಿಕ್ಕಿಸಿದರು. ನಾನು ಹಲಗೆಯ ಮೇಲೆ ಕೌದಿ ಹಾಸಿದೆ. ಅತ್ತೆ ಹಲಗೆಗೆ ಅರಿಶಿನ ಕುಂಕುಮ ಹಚ್ಚಿದರು. ಮಾವ ಕೂತರು. ಆ ಕಡೆ ಒಂದು ಚೀಲ ಕಟ್ಟಿದರೂ ಹಲಗೆ ಕದಲಲಿಲ್ಲ. ಇನ್ನೊಂದು ಖಾಲಿ ಚೀಲ ಕಟ್ಟಿ ನಾನು ಅಳತೆಯ ಶೇರಿನಿಂದ ಜೋಳ ಸುರಿಯುತ್ತ ಹೋದೆ. ಒಂದು, ಎರಡು, ಮೂರು... ಹತ್ತನೆಯ ಶೇರಿಗೆ ಮಾವ ನೆಲ ಬಿಟ್ಟರು. ನಮ್ಮ ಮನೆಯವರು ಹಗ್ಗವನ್ನು ಬೆರಳಿನಿಂದ ಎಳೆದಷ್ಟೇ. ನಮ್ಮ ಮಾವ ಪಟಗಾ ಸುತ್ತಿಕೊಂಡು, ನೆಟ್ಟಗೆ ಕೂತು, ಯಾರ ಹೆಗಲೂ ಇಲ್ಲದೆ ಮೇಲೇರಿದರು. ಓಣಿಯ ಹೆಂಗಸರು ಸೋಬಾನೆ ಶುರು ಮಾಡಿಬಿಟ್ಟರು.

"ಬರೇ ಒಂದ ಚೀಲ, ಹತ್ತ ಶೇರು? ಸೊಸಿ ಸರಿಯಾಗಿ ಊಟಕ್ಕ ಹಾಕವಲ್ಲಳು!" ಎಂದು ಮಾವ ಮೇಲಿನಿಂದಲೇ ನನ್ನನ್ನು ಕೆಣಕಿದರು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಹಲಗೆಯನ್ನು ಒಳಗೆ ಸರಿಸಿ ದಪ್ಪ ಗಾದಿಯ ಮೇಲಿಟ್ಟು ಕಟ್ಟಿದೆವು. ಜೋಳದ ಚೀಲಗಳು ಪಕ್ಕದಲ್ಲಿ, ಅತ್ತೆ ಒಂದು ಬದಿ, ನಾನು ಒಂದು ಬದಿ. ಗಾಡಿ ಎಮ್ಮೆಯ ಹಾಗೆ ತೂಗಾಡುತ್ತ ಹೊರಟಿತು. ಆ ವರ್ಷ ಹಿಂಗಾರಿ ಮಳೆ ಜಾಸ್ತಿಯಾಗಿ ಹಳ್ಳದಲ್ಲಿ ಇನ್ನೂ ನೀರಿತ್ತು. ನಡುವೆ ಹೋದದ್ದೇ ತಡ, ನಾಲ್ಕೂ ಗಾಲಿ ಗರಗರ ತಿರುಗಿ ಗಾಡಿ ಕೂತೇಬಿಟ್ಟಿತು. ನಾಲ್ಕು ವರ್ಷದ ಹಿಂದೆ ಮಾವ ಬಿದ್ದ ಜಾಗ ಅದೇ. ನಾನು ಅವರ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅವರು ನನ್ನ ಕೈ ಕೊಡವಿ ಕ್ಯಾಬಿನ್ನಿನ ಹಿಂದಿನ ಕಿಟಕಿಗೆ ಕೋಲಿನಿಂದ ಬಡಿದರು.

"ನಾಗ್ಯಾ! ಹಿಂದಕ್ಕ ತಗೊಂಡು ಎಡಕ್ಕ ಹೊಡಿ! ಬೇವಿನ ಗಿಡದ ನೇರಕ್ಕ ಕೆಳಗ ಹಾಸಗಲ್ಲ ಐತಿ!"

ನೀರಿನ ಕೆಳಗಿನ ಕಲ್ಲು ನಮಗ್ಯಾರಿಗೂ ಗೊತ್ತಿರಲಿಲ್ಲ. ಗಾಲಿ ಎಡಕ್ಕೆ ತಿರುಗಿ ಕಲ್ಲಿಗೆ ಹತ್ತಿತು. ಗಾಡಿ ದಂಡೆಗೆ ಏರಿತು.

ಹೊಲ ತಲುಪಿದಾಗ ಜೋಳ ಎದೆಯೆತ್ತರ ನಿಂತಿತ್ತು. ಮಾವ ಹಲಗೆಯಲ್ಲೇ ಕೂತು ಕೆಳಗಿಳಿದರು. ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿದೆವು. ಅತ್ತೆ ತೂಗಿದ ಜೋಳವನ್ನು ಲಕ್ಕವ್ವನ ಮುಂದೆ ಇಟ್ಟರು. ನಮ್ಮ ಮನೆಯವರು ಚರಗದ ಬುಟ್ಟಿ ಹಿಡಿದರು. ಮಾವ ಕೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲಿಗೆ ಒರಗಿ, ಎಡಗೈ ಬುಟ್ಟಿಗೆ ಹಾಕಿ, ಬೆಳೆಯೊಳಗೆ ಅನ್ನ ಎರಚಿ, "ಹುಲ್ಲುಲ್ಲಿಗ್ಯೋ!" ಎಂದು ಚರಗದ ಕೂಗು ಹಾಕಿದರು. ನಾಲಿಗೆ ತೊಡರುತ್ತಿತ್ತು, ದನಿ ಮಾತ್ರ ಹಳೆಯದೇ. ಪಕ್ಕದ ಹೊಲದಿಂದ ಯಾರೋ, "ಏ, ಶರಣಪ್ಪಣ್ಣ ಬಂದಾನಲೇ!" ಎಂದು ಕೂಗಿದರು. ಅದರಾಚೆಯ ಹೊಲದಿಂದಲೂ ಕೂಗು ಬಂತು. ಅವತ್ತು ಮಾವ ನಾಲ್ಕು ರೊಟ್ಟಿ ಉಂಡರು. ನನಗೆ ಅಂಥ ಸುಖದ ಊಟ ಮತ್ತೆ ಸಿಕ್ಕಿಲ್ಲ.

ತೂಗಿದ ಜೋಳವನ್ನು ಅತ್ತೆ ಬೇರೆ ಇಟ್ಟು ಮುಂದಿನ ಹಿಂಗಾರಿಗೆ ಬಿತ್ತಿಸಿದರು. ಅಂದಿನಿಂದ ಅದೇ ಪದ್ಧತಿಯಾಗಿದೆ. ಗಾಡಿ ವರ್ಷವಿಡೀ ಉಳ್ಳಾಗಡ್ಡಿ ಹೇರುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ತೊಳೆದು, ಮಾವನನ್ನು ತೂಗಿ ಹೊಲಕ್ಕೆ ಒಯ್ಯುತ್ತೇವೆ. ಆ ಜೋಳವೇ ನಮ್ಮ ಬೀಜ.

ಈಗೀಗ ಮಾವ ಸೊರಗಿದ್ದಾರೆ. ಕಳೆದ ವರ್ಷ ಹತ್ತು ಶೇರು ಹಾಕುವ ಮೊದಲೇ ಅವರು ನೆಲ ಬಿಡುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಓಣಿಯ ಮಂದಿಯ ಮುಂದೆ ಅವರಿಗೆ ಅದು ತಿಳಿಯುವುದು ಬೇಡವೆಂದು, ಯಾರಿಗೂ ಹೇಳದೆ ಕೌದಿಯ ಕೆಳಗೆ ಒಂದು ಕಲ್ಲಿಟ್ಟೆ. ಸರಿಯಾಗಿ ಒಂದು ಚೀಲ, ಹತ್ತು ಶೇರು ತೂಗಿತು. ಮಾವ ಎಂದಿನಂತೆ ನನ್ನ ಅಡುಗೆಯನ್ನು ಬೈದು ಎಲ್ಲರನ್ನೂ ನಗಿಸಿದರು. ಹೊಲದಲ್ಲಿ ಇಳಿಸುವಾಗ ಮಾತ್ರ ನನ್ನ ಕಿವಿಯ ಹತ್ತಿರ ಬಾಗಿ, "ಯವ್ವಾ, ಕಲ್ಲ ಚುಚ್ಚತೈತಿ. ಮುಂದಿನ ವರ್ಷ ಒಂದ ಗುಂಡಂದು ಹುಡುಕು," ಅಂದರು.

ಹಳ್ಳದಲ್ಲಿ ಗುಂಡನೆಯದು ಸಿಕ್ಕಿದೆ. ತೊಳೆದು ಜೋಳದ ಚೀಲದ ಪಕ್ಕದಲ್ಲಿ ಇಟ್ಟಿದ್ದೇನೆ. ಸ್ವಲ್ಪ ದೊಡ್ಡದನ್ನೇ ಆರಿಸಿದ್ದೇನೆ.